ಹಳೆಯ ಗಣಕದಿಂದ ಹೊಸ ಗಣಕಕ್ಕೆ

ಹಾಲೆಂಡಿನ ಬಾನುಲಿಯಲ್ಲಿ 1980ರ ದಶಕದ ಮೊದಲ ವರ್ಷಗಳಲ್ಲಿ ‘ಹಾಬಿಸ್ಕೋಪ್’ ಎಂಬ ಒಂದು ಕಾರ್ಯಕ್ರಮ ಬರುತ್ತಿತ್ತು. ಮಾತು ನಡೆಯುತ್ತ ನಡೆಯುತ್ತ ಒಂದು ಘಟ್ಟದಲ್ಲಿ ನಿಂತುಹೋಗಿ, ರೇಡಿಯೊ ಪೆಟ್ಟಿಗೆಯಿಂದ ಕರ್ಕಶವಾದ ಕೀಚಲು ಸದ್ದು ಹೊರಡುತ್ತಿತ್ತು. ರಾಗವಿಲ್ಲ, ತಾಳವಿಲ್ಲ. ಪಕ್ಕದ ಮನೆಯವರು ಇವರ ರೇಡಿಯೊ ಕೆಟ್ಟಿತೆಂದು ಭಾವಿಸಿದ್ದರೆ ಅವರದು ತಪ್ಪಲ್ಲ. ಆದರೆ ಅದನ್ನೇ ಕಾದು ಕುಳಿತ ಕೇಳುಗರಿದ್ದರು. ಅವರು ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಆ ಸದ್ದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು, ಆಮೇಲೆ ಕ್ಯಾಸೆಟ್ಟನ್ನು ತಮ್ಮ ಮನೆಯ ಗಣಕಯಂತ್ರಕ್ಕೆ ಕೇಳಿಸುತ್ತಿದ್ದರು. ಗಣಕ ಅದನ್ನು ಅರ್ಥಮಾಡಿಕೊಳ್ಳುತ್ತಿತ್ತು. ಆ ಸದ್ದಿನಲ್ಲಿ ಅಡಗಿದ್ದುದು ಒಂದು ಲೆಕ್ಕದ ಕ್ರಮವಿಧಿ, ಅಥವಾ ಒಂದು ಆಟ, ಅಥವಾ ಮಕ್ಕಳ ಪಾಠ.

ಆಗ ಮನೆಗಳಲ್ಲಿದ್ದ ಗಣಕಗಳು ಹತ್ತಾರು ಬಗೆಯವು. ಎಲ್ಲವೂ ‘ಬೇಸಿಕ್’ ಎಂಬ ಒಂದೇ ಭಾಷೆಯನ್ನು ಆಡುತ್ತಿದ್ದರೂ, ಧಾರವಾಡದ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ಇರುವಷ್ಟು ವ್ಯತ್ಯಾಸ ಒಂದೊಂದಕ್ಕೂ ಇತ್ತು. ಹಾಲೆಂಡಿನವರು ಇದಕ್ಕೊಂದು ಉಪಾಯ ಕಂಡುಕೊಂಡರು. ಎಲ್ಲ ಗಣಕಗಳಿಗೂ ಸಾಮಾನ್ಯವಾದ ಮಾತುಗಳನ್ನು ಮಾತ್ರ ಆರಿಸಿ ‘ಬೇಸಿಕೋಡ್’ ಎಂಬ ಒಪ್ಪಂದ ಮಾಡಿಕೊಂಡರು. ಕ್ರಮವಿಧಿಯ ಸಾಲುಗಳಿಗೆ ಸಂಖ್ಯೆ ಇರುತ್ತದಷ್ಟೆ. ಸಾವಿರದೊಳಗಿನ ಸಾಲುಗಳು ಆಯಾ ಗಣಕದ ಸ್ವಂತ ವ್ಯವಹಾರಕ್ಕೆ, ಸಾವಿರದಿಂದ ಆಚೆಯವು ಎಲ್ಲರಿಗೂ ಒಂದೇ. ಸೆಕೆಂಡಿಗೆ 1200 ಸಲ ಕಂಪಿಸುವ ಒಂದು ಅಲೆ ಕೇಳಿದರೆ ಸೊನ್ನೆ. 2400 ಸಲ ಕಂಪಿಸುವ ಎರಡು ಅಲೆ ಕೇಳಿದರೆ ಒಂದು. ಇಷ್ಟೇ ಅದರ ಸ್ವರಶಾಸ್ತ್ರ.

ಯುಗೊಸ್ಲಾವಿಯದಲ್ಲೂ ಇಂಥದೇ ನಡೆಯಿತು. ಹೊರದೇಶದ ಗಣಕಗಳನ್ನು ತರಿಸಿಕೊಳ್ಳಲು ಅಲ್ಲಿ ಆಗ ನಿರ್ಬಂಧವಿತ್ತು. ವೋಯಾ ಆಂಟೋನಿಚ್ ಎಂಬಾತ ‘ಗಲಾಕ್ಸಿಯ’ ಎಂಬ ಗಣಕವನ್ನು ರೂಪಿಸಿ, ಮನೆಯಲ್ಲೇ ಜೋಡಿಸಿಕೊಳ್ಳಬಹುದೆಂದು ಅದರ ನಕ್ಷೆಯನ್ನೇ ಪತ್ರಿಕೆಯಲ್ಲಿ ಪ್ರಕಟಿಸಿಬಿಟ್ಟ. ಬೆಲ್‌ಗ್ರೇಡಿನ ಬಾನುಲಿಯಲ್ಲಿ ಜೋರಾನ್ ಮೋದ್ಲಿ ಎಂಬವರು ‘ವೆಂಟಿಲೇಟರ್ 202’ ಎಂಬ ಕಾರ್ಯಕ್ರಮದಲ್ಲಿ ಗಣಕದ ಕ್ರಮವಿಧಿಗಳನ್ನು ಗಾಳಿಯ ಮೇಲೆ ಕಳಿಸುತ್ತಿದ್ದರು. ಇಂಗ್ಲೆಂಡಿನ ಬಿ.ಬಿ.ಸಿ.ಯೂ ‘ದಿ ಚಿಪ್ ಷಾಪ್’ ಎಂಬ ಕಾರ್ಯಕ್ರಮದಲ್ಲಿ ಈ ಪ್ರಯೋಗ ಮಾಡಿತು.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣ ಬಾನುಲಿಯ ಮೇಲಿನ ಅಭಿಮಾನ ಮಾತ್ರವಲ್ಲ. ಹಳೆಯ ಗಣಕದಲ್ಲಿರುವ ಫೈಲನ್ನು ಹೊಸ ಗಣಕಕ್ಕೆ ಸಾಗಿಸುವುದು ಹೇಗೆಂಬ ಪ್ರಶ್ನೆಗೆ ಇದರಲ್ಲಿ ಅರ್ಧ ಉತ್ತರವಿದೆ. ಎರಡು ಯಂತ್ರಗಳ ನಡುವೆ ನಲವತ್ತು ವರ್ಷದ ಅಂತರವಿರಬಹುದು. ಒಂದರ ಸಾಕೆಟ್ಟು ಇನ್ನೊಂದಕ್ಕೆ ಕೂಡದಿರಬಹುದು. ಆದರೆ ಎರಡಕ್ಕೂ ಸಾಮಾನ್ಯವಾದ ಒಂದು ಹಾದಿ ಸಿಕ್ಕಿದರೆ ಸಾಕು, ಸದ್ದಾದರೂ ಸರಿ, ತಂತಿಯಾದರೂ ಸರಿ, ಕಾಂತದ ಗುರುತಾದರೂ ಸರಿ, ಫೈಲು ದಾಟಿಬರುತ್ತದೆ. ಏಕೆಂದರೆ ಪತ್ರವಿರಲಿ, ಚಿತ್ರವಿರಲಿ, ಅಂಗಡಿಯ ಲೆಕ್ಕವಿರಲಿ, ಗಣಕದೊಳಗೆ ಎಲ್ಲವೂ ಸೊನ್ನೆ ಒಂದುಗಳ ಉದ್ದ ಸಾಲು.

ಹಳೆಯದನ್ನು ತಂದು ಆಗಬೇಕಾದ್ದೇನು ಎಂದು ಕೇಳುವವರಿಗೆ ಇಂಗ್ಲೆಂಡಿನ ಒಂದು ಸಂಗತಿಯನ್ನು ಹೇಳಬೇಕು. ಕ್ರಿ.ಶ. 1086ರಲ್ಲಿ ಅಲ್ಲಿನ ದೊರೆ ವಿಲಿಯಂ ದೇಶದ ಭೂಮಿಕಾಣಿಯನ್ನು ಅಳೆಸಿ ‘ಡೂಮ್ಸ್‌ಡೇ’ ಎಂಬ ದಾಖಲೆ ಬರೆಸಿದ. ಅದಕ್ಕೆ 900 ವರ್ಷ ತುಂಬಿದ ನೆನಪಿಗೆ 1986ರಲ್ಲಿ ಬಿ.ಬಿ.ಸಿ. ಹೊಸ ಡೂಮ್ಸ್‌ಡೇ ಒಂದನ್ನು ಹೊರತಂದಿತು. ಶಾಲೆಯ ಮಕ್ಕಳು ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ತಮ್ಮ ಊರಿನ ವಿವರಗಳನ್ನೂ ಛಾಯಾಚಿತ್ರಗಳನ್ನೂ ಕಳಿಸಿದರು. ಎಲ್ಲವನ್ನೂ ಲೇಸರ್ ತಟ್ಟೆಗಳಲ್ಲಿ ತುಂಬಲಾಯಿತು. ಓದಲು ಬಿ.ಬಿ.ಸಿ. ಮಾಸ್ಟರ್ ಎಂಬ ಗಣಕವೂ, ಅದಕ್ಕೆಂದೇ ಮಾಡಿದ ತಟ್ಟೆಯಂತ್ರವೂ ಬೇಕಾಗಿತ್ತು. ಹದಿನೈದು ವರ್ಷ ಕಳೆಯುವುದರೊಳಗೆ ಆ ಯಂತ್ರಗಳು ಅಪರೂಪವಾಗಿ, ತಟ್ಟೆಯಲ್ಲಿ ಏನಿದೆಯೆಂದು ನೋಡುವುದೇ ಕಷ್ಟವಾಯಿತು. ಒಂಬೈನೂರು ವರ್ಷದ ಹಿಂದೆ ಚರ್ಮದ ಹಾಳೆಯ ಮೇಲೆ ಬರೆದದ್ದನ್ನಾದರೋ ಲ್ಯಾಟಿನ್ ಬಲ್ಲವರು ಇವತ್ತಿಗೂ ಓದುತ್ತಾರೆ!

ಕೊನೆಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ಸಂಶೋಧಕರು 2002ರಲ್ಲಿ ಅದಕ್ಕೆ ದಾರಿ ತೋರಿಸಿದರು. ಹೊಸ ಗಣಕವೇ ಹಳೆಯ ಗಣಕದ ವೇಷ ಕಟ್ಟುವಂತೆ ಮಾಡಿದರು. ಯಕ್ಷಗಾನದ ವೇಷದಂತೆಯೇ ಇದು; ಒಳಗಿನ ಮನುಷ್ಯ ಬೇರೆ, ರಂಗದ ಮೇಲೆ ಅವನು ಕರ್ಣನೇ. ಹಳೆಯ ಕ್ರಮವಿಧಿಗೆ ತಾನು ತನ್ನ ಹಳೆಯ ಯಂತ್ರದಲ್ಲೇ ಓಡುತ್ತಿದ್ದೇನೆಂಬ ಭ್ರಮೆ. ಊರೂರಿನ ವಿವರಗಳಿದ್ದ ತಟ್ಟೆ 2011ರಲ್ಲಿ ಅಂತರಜಾಲಕ್ಕೂ ಬಂತು. ನಮ್ಮ ದೇಶದ ಶಾಲೆಗಳಲ್ಲಿ 1984ರಲ್ಲಿ ಗಣಕ ಶಿಕ್ಷಣದ ಯೋಜನೆ ಆರಂಭವಾದಾಗ ತರಿಸಿದ್ದೂ ಇದೇ ಮನೆತನದ ಬಿ.ಬಿ.ಸಿ. ಮೈಕ್ರೊ ಗಣಕಗಳನ್ನೇ. ಈಗ ಐವತ್ತು ದಾಟಿದ ಕೆಲವರು ಮೊದಲು ಮುಟ್ಟಿದ ಗಣಕ ಅದೇ ಆಗಿದ್ದೀತು.

ಇನ್ನು ಕೆಲಸದ ಮಾತಿಗೆ ಬರೋಣ. ಕ್ಯಾಸೆಟ್ಟಿನಿಂದಲೇ ಆರಂಭಿಸುವುದು ವಾಸಿ, ಏಕೆಂದರೆ ಇದು ಮನೆಯಲ್ಲೇ ಆಗುವಂಥದು. ಸಿಂಕ್ಲೇರ್ ಕಂಪನಿಯ ಸ್ಪೆಕ್ಟ್ರಂ ಎಂಬ ಗಣಕ 1982ರಲ್ಲಿ ಬಂತು. ಪುಣೆಯ ಒಂದು ಕಂಪನಿ ನಮ್ಮಲ್ಲೂ ಅದನ್ನು ‘ಡಿಬಿ ಸ್ಪೆಕ್ಟ್ರಂ’ ಎಂಬ ಹೆಸರಿನಿಂದ ಮಾರಿತು. ಅದರ ನೆನಪಿನ ಶಕ್ತಿ 48 ಕಿಲೊಬೈಟು. ವಿದ್ಯುತ್ತು ಹೋದರೆ ಎಲ್ಲ ಮರೆತುಹೋಗುವ ಯಂತ್ರವಾದ್ದರಿಂದ ಮಾಡಿದ್ದನ್ನೆಲ್ಲ ಮಾಮೂಲಿ ಕ್ಯಾಸೆಟ್ಟಿನಲ್ಲಿ ಸದ್ದಾಗಿ ಉಳಿಸಬೇಕಾಗಿತ್ತು. ಇದರಲ್ಲಿ ಒಂದು ಎಂಬುದಕ್ಕೆ ಉದ್ದನೆಯ ಅಲೆ, ಸೊನ್ನೆಗೆ ಅದರ ಅರ್ಧದಷ್ಟು ಗಿಡ್ಡ ಅಲೆ. ಸೆಕೆಂಡಿಗೆ ಸುಮಾರು 1500 ಬಿಟ್ಟುಗಳಂತೆ ಹರಿದರೆ 48 ಕಿಲೊಬೈಟು ತುಂಬಲು ನಾಲ್ಕೂವರೆ ನಿಮಿಷ ಬೇಕು. ಅಷ್ಟು ಹೊತ್ತು ಮನೆಮಂದಿ ಆ ಕೀಚಲನ್ನು ಸಹಿಸುತ್ತಿದ್ದರೆಂದರೆ ಅವರ ತಾಳ್ಮೆ ದೊಡ್ಡದು.

ಅಂಥ ಕ್ಯಾಸೆಟ್ಟು ನಿಮ್ಮಲ್ಲಿದ್ದರೆ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಿರಿ. ಪಟ್ಟಿಯ ಹಿಂದೆ ಒಂದು ಸಣ್ಣ ಉಣ್ಣೆಯ ಮೆತ್ತೆ ಇರುತ್ತದೆ. ಅಂಟು ಒಣಗಿ ಅದು ಉದುರಿಹೋಗಿದ್ದರೆ ಪಟ್ಟಿ ಓದುವ ತಲೆಗೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ. ಪಟ್ಟಿಯನ್ನು ಬೇರೊಂದು ಒಳ್ಳೆಯ ಡಬ್ಬಿಗೆ ವರ್ಗಾಯಿಸಬಹುದು. ಮಲೆನಾಡು ಕರಾವಳಿಗಳ ಕ್ಯಾಸೆಟ್ಟಾದರೆ ಬೂಷ್ಟು ಹಿಡಿದಿರುವುದೇ ಹೆಚ್ಚು. ಬಿಳಿಯ ಪುಡಿ ಕಂಡರೆ ಯಂತ್ರಕ್ಕೆ ಹಾಕಬೇಡಿ; ಅದು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ.

ಎರಡನೆಯದು ತಿರುಪಿನ ಸಂಗತಿ. ರೆಕಾರ್ಡರಿನ ಓದುವ ತಲೆಯ ಪಕ್ಕದಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ. ಅದು ತಲೆಯ ಓರೆಯನ್ನು ಸರಿಪಡಿಸುವಂಥದು. ಹಿಂದೆ ಯಾವ ಯಂತ್ರದಲ್ಲಿ ಸದ್ದು ತುಂಬಿದರೋ ಆ ಯಂತ್ರದ ಓರೆ ಆ ಕ್ಯಾಸೆಟ್ಟಿಗೆ ಅಂಟಿಕೊಂಡಿರುತ್ತದೆ. ಹಾಡಾದರೆ ಸ್ವಲ್ಪ ಮಂಕಾಗಿ ಕೇಳಿಸೀತು, ಅಷ್ಟೆ. ಗಣಕದ ಸದ್ದಿಗೆ ಮಂಕು ಬಂದರೆ ಸೊನ್ನೆಗೂ ಒಂದಕ್ಕೂ ಭೇದ ಹೋಗುತ್ತದೆ. ಆದಕಾರಣ ಸದ್ದನ್ನು ಕೇಳುತ್ತ, ತಿರುಪನ್ನು ಎಳ್ಳಷ್ಟೆಳ್ಳಷ್ಟು ತಿರುವುತ್ತ, ಕೀಚಲು ಅತ್ಯಂತ ಹರಿತವಾಗುವ ಕಡೆ ನಿಲ್ಲಿಸಬೇಕು. ವೀಣೆಯ ಶ್ರುತಿ ಮಾಡಬಲ್ಲವರಿಗೆ ಇದು ಸುಲಭ. ಆಮೇಲೆ ರೆಕಾರ್ಡರಿನಿಂದ ಹೊಸ ಗಣಕದ ಮೈಕ್ ಸಾಕೆಟ್ಟಿಗೆ ತಂತಿ ಹಾಕಿ ಧ್ವನಿಯನ್ನು ತುಂಬಿಕೊಳ್ಳುವುದು. ಸೆಕೆಂಡಿಗೆ 44,100 ಮಾದರಿಗಳಂತೆ, ‘ವೇವ್’ ರೂಪದಲ್ಲಿ ಉಳಿಸಿರಿ. ‘ಎಂಪಿತ್ರೀ’ ರೂಪ ಬೇಡ. ಮನುಷ್ಯನ ಕಿವಿಗೆ ಬೇಡವಾದ ಭಾಗವನ್ನು ಕಿತ್ತೆಸೆದು ಗಾತ್ರ ಕಡಿಮೆ ಮಾಡುವ ವಿದ್ಯೆ ಅದು. ಗಣಕದ ಕಿವಿಗೆ ಬೇಕಾದ್ದೂ ಅದರಲ್ಲಿ ಹೋದೀತು. ಹೀಗೆ ತುಂಬಿದ ಸದ್ದನ್ನು ಓದಿ ಸೊನ್ನೆ ಒಂದುಗಳನ್ನು ಬಿಡಿಸಿಕೊಡುವ ಕ್ರಮವಿಧಿಗಳು ಇಂದು ದುಡ್ಡಿಲ್ಲದೆ ದೊರೆಯುತ್ತವೆ.

ತಿರುಗಾ ಹಾದಿಯೂ ಉಂಟು. ಹೊಸ ಗಣಕದಲ್ಲಿರುವುದನ್ನು ಹಳೆಯದಕ್ಕೆ ಕಳಿಸಬೇಕಾದರೆ ಕೈಫೋನಿನ ಹೆಡ್‌ಫೋನ್ ಸಾಕೆಟ್ಟಿನಿಂದ ಹಳೆಯ ಗಣಕದ ಕಿವಿಸಾಕೆಟ್ಟಿಗೆ ತಂತಿ ಎಳೆದು, ಧ್ವನಿಯನ್ನು ಚೆನ್ನಾಗಿ ಏರಿಸಿ ನುಡಿಸಿದರಾಯಿತು. ಫೋನು ಕ್ಯಾಸೆಟ್ಟಿನ ವೇಷ ಹಾಕುತ್ತದೆ. ನಡುವೆ ಯಾರಾದರೂ ನಿಮ್ಮನ್ನು ಫೋನಿನಲ್ಲಿ ಕರೆದರೆ ಆ ಗಂಟೆಯ ಸದ್ದೂ ಹಳೆಯ ಗಣಕದ ಕಿವಿಗೆ ಬಿದ್ದು ಕೆಲಸ ಕೆಡುತ್ತದೆ. ಅಷ್ಟು ಹೊತ್ತು ಫೋನಿನ ಬಾಯಿ ಕಟ್ಟಿರಬೇಕು.

ಸದ್ದಿನ ಹಾದಿಗಿಂತ ತಂತಿಯ ಹಾದಿ ಗಟ್ಟಿಯಾದದ್ದು. ಹಳೆಯ ಕಚೇರಿ ಗಣಕಗಳ ಹಿಂದೆ ಒಂಬತ್ತು ಅಥವಾ ಇಪ್ಪತ್ತೈದು ಮೊಳೆಗಳ ಒಂದು ಸಾಕೆಟ್ಟು ಇರುತ್ತಿತ್ತು. ಸೀರಿಯಲ್ ಪೋರ್ಟು ಎಂದು ಅದರ ಹೆಸರು. ಬಿಟ್ಟುಗಳು ಅದರ ಮೂಲಕ ಇರುವೆ ಸಾಲಿನಂತೆ ಒಂದರ ಹಿಂದೆ ಒಂದು ಹೋಗುತ್ತವೆ. ಅಂಥ ಎರಡು ಗಣಕಗಳನ್ನು ಕೂಡಿಸುವಾಗ ಎರಡನೆಯ ಮತ್ತು ಮೂರನೆಯ ಮೊಳೆಗಳ ತಂತಿಗಳನ್ನು ಅಡ್ಡ ಹಾಯಿಸಬೇಕು. ಇಲ್ಲದಿದ್ದರೆ ಒಬ್ಬನ ಬಾಯಿ ಇನ್ನೊಬ್ಬನ ಬಾಯಿಗೇ ಸೇರುತ್ತದೆ, ಕೇಳುವವರು ಯಾರೂ ಇರುವುದಿಲ್ಲ. ಹೊಸ ಗಣಕಗಳಲ್ಲಿ ಈ ಸಾಕೆಟ್ಟು ಮಾಯವಾಗಿದೆಯಾದರೂ ಯು.ಎಸ್.ಬಿ.ಗೆ ಸಿಕ್ಕಿಸುವ ಸಣ್ಣ ಮಧ್ಯವರ್ತಿ ಪೇಟೆಯಲ್ಲಿ ಸಿಗುತ್ತದೆ.

ತಂತಿ ಸೇರಿದರೆ ಸಾಲದು, ಮಾತಿಗೆ ಒಂದು ನಿಯಮ ಬೇಕು. ಚಿಕಾಗೊ ನಗರದ ವಾರ್ಡ್ ಕ್ರಿಸ್ಟೆನ್‌ಸನ್ ಎಂಬವರು 1977ರಲ್ಲಿ ‘ಎಕ್ಸ್‌ಮೋಡೆಮ್’ ಎಂಬ ನಿಯಮ ಮಾಡಿದರು. ಅದರ ಜಾಣತನ ನಮ್ಮ ದಿನಸಿ ಅಂಗಡಿಯ ಜಾಣತನವೇ. ಅಂಗಡಿಯವನು ಚೀಟಿಯಲ್ಲಿ ಸಾಮಾನುಗಳ ಬೆಲೆ ಬರೆದು ಕೆಳಗೆ ಮೊತ್ತ ಹಾಕುತ್ತಾನೆ. ಮನೆಗೆ ಬಂದು ಕೂಡಿ ನೋಡಿದಾಗ ಮೊತ್ತ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆಯೆಂದು ಅರ್ಥ. ಹಾಗೆಯೇ 128 ಬೈಟುಗಳ ಒಂದೊಂದು ಕಂತನ್ನು ಕಳಿಸಿ, ಅದರ ಮೊತ್ತವನ್ನೂ ಜೊತೆಗೆ ಕಳಿಸುವುದು. ಆ ಕಡೆಯ ಗಣಕ ಕೂಡಿ ನೋಡಿ, ತಾಳೆಯಾದರೆ ‘ಮುಂದಿನದು ಬರಲಿ’ ಎನ್ನುತ್ತದೆ. ಆಗದಿದ್ದರೆ ‘ಇನ್ನೊಮ್ಮೆ ಹೇಳು’ ಎನ್ನುತ್ತದೆ. ಎರಡು ಅಂಕಿಗಳು ಅದಲುಬದಲಾದರೆ ಮೊತ್ತಕ್ಕೆ ಗೊತ್ತಾಗುವುದಿಲ್ಲವೆಂದು ಕಂಡು ಆಮೇಲೆ ಇನ್ನೂ ಬಿಗಿಯಾದ ಲೆಕ್ಕವನ್ನು ಸೇರಿಸಿದರು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದವರು 1981ರಲ್ಲಿ ಇನ್ನೊಂದು ನಿಯಮ ರಚಿಸಿ, ದೂರದರ್ಶನದ ಗೊಂಬೆಯಾಟದ ಕಪ್ಪೆ ‘ಕರ್ಮಿಟ್’ನ ಹೆಸರನ್ನು ಅದಕ್ಕಿಟ್ಟರು. ಕೆಲವು ಯಂತ್ರಗಳ ತಂತಿಹಾದಿ ಎಂಟು ಬಿಟ್ಟಿನ ಅಕ್ಷರವನ್ನು ಬಿಡುವುದಿಲ್ಲ, ಏಳನ್ನು ಮಾತ್ರ ಬಿಡುತ್ತದೆ. ಕೆಲವು ವಿಶೇಷ ಸಂಕೇತಗಳನ್ನು ತಾವೇ ನುಂಗಿಬಿಡುತ್ತವೆ. ಕಪ್ಪೆಯ ನಿಯಮ ಅಂಥ ಅಕ್ಷರಗಳಿಗೆ ಸಾಧು ಅಕ್ಷರಗಳ ಮುಸುಕು ಹಾಕಿ ದಾಟಿಸಿ, ಆ ದಡದಲ್ಲಿ ಮುಸುಕು ತೆಗೆಯುತ್ತದೆ. ಸೆಕೆಂಡಿಗೆ 9600 ಬಿಟ್ಟಿನ ವೇಗದಲ್ಲಿ ಒಂದು ಹಳೆಯ 360 ಕಿಲೊಬೈಟಿನ ತಟ್ಟೆಯಷ್ಟು ಮಾಲು ದಾಟಲು ಆರೇಳು ನಿಮಿಷ ಸಾಕು.

ಇಲ್ಲಿ ಒಂದು ಪೇಚಿದೆ. ನಿಯಮ ತಿಳಿದ ಕ್ರಮವಿಧಿ ಹಳೆಯ ಗಣಕದಲ್ಲೂ ಇರಬೇಕು. ಇಲ್ಲದಿದ್ದರೆ ಅದನ್ನು ಕಳಿಸಬೇಕು. ಕಳಿಸಲು ಆ ಕ್ರಮವಿಧಿಯೇ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಬಲ್ಲವರು ಇದಕ್ಕೆ ಮಾಡುವುದೇನೆಂದರೆ, ಹಳೆಯ ಗಣಕದ ಮುಂದೆ ಕುಳಿತು ಹತ್ತಿಪ್ಪತ್ತು ಸಾಲಿನ ಒಂದು ಬೇಸಿಕ್ ಕ್ರಮವಿಧಿಯನ್ನು ಕೈಯಿಂದಲೇ ಬೆರಳಚ್ಚು ಮಾಡುವುದು. ಅದಕ್ಕೆ ತಂತಿಯಲ್ಲಿ ಬಂದದ್ದನ್ನು ಹಿಡಿದಿಡುವಷ್ಟು ಬುದ್ಧಿ ಇದ್ದರೆ ಸಾಕು. ದೊಡ್ಡ ಕ್ರಮವಿಧಿ ಅದರ ಕೈಹಿಡಿದು ಬರುತ್ತದೆ.

ಫ್ಲಾಪಿ ತಟ್ಟೆಗಳದು ದೊಡ್ಡ ಅಧ್ಯಾಯ, ಮತ್ತು ನಮ್ಮ ಮನೆಗಳ ಕಪಾಟಿನಲ್ಲಿ ಹೆಚ್ಚಾಗಿ ಇರುವುದೂ ಅವೇ. ಐದೂಕಾಲು ಅಂಗುಲದ್ದು ಮೆತ್ತನೆಯ ಲಕೋಟೆಯಲ್ಲಿ, ಮೂರೂವರೆ ಅಂಗುಲದ್ದು ಗಟ್ಟಿ ಪ್ಲಾಸ್ಟಿಕ್ಕಿನ ಚೌಕದಲ್ಲಿ. ಈ ಎರಡನೆಯದರಲ್ಲಿ ಒಂದೊಂದು ಮುಖಕ್ಕೂ 80 ವೃತ್ತಗಳು, ಒಂದೊಂದು ವೃತ್ತದಲ್ಲಿ 18 ಖಾನೆಗಳು, ಒಂದೊಂದು ಖಾನೆಗೆ 512 ಬೈಟುಗಳು. ಗುಣಿಸಿ ನೋಡಿದರೆ 14,74,560 ಬೈಟು. ಸೋನಿ ಕಂಪನಿ ಇವುಗಳ ತಯಾರಿಕೆಯನ್ನು 2011ರಲ್ಲಿ ನಿಲ್ಲಿಸಿತು.

ಮೊದಲು ಮಾಡಬೇಕಾದ ಕೆಲಸ ತಟ್ಟೆಯ ಮೇಲೆ ಏನೂ ಬರೆಯಲಾಗದಂತೆ ಬೀಗ ಹಾಕುವುದು. ಇದರಲ್ಲಿ ಒಂದು ತಮಾಷೆಯಿದೆ. ದೊಡ್ಡ ತಟ್ಟೆಯ ಅಂಚಿನ ಕಚ್ಚನ್ನು ಕಾಗದ ಅಂಟಿಸಿ ಮುಚ್ಚಿದರೆ ಬೀಗ; ಸಣ್ಣ ತಟ್ಟೆಯ ಮೂಲೆಯ ಕಿಂಡಿಯನ್ನು ತೆರೆದರೆ ಬೀಗ. ಒಂದರದು ಇನ್ನೊಂದಕ್ಕೆ ಸರಿ ವಿರುದ್ಧ. ಮೂರೂವರೆ ಅಂಗುಲದ ತಟ್ಟೆ ಐ.ಬಿ.ಎಂ. ಬಗೆಯ ಗಣಕದ್ದಾದರೆ ಯು.ಎಸ್.ಬಿ.ಗೆ ಸಿಕ್ಕಿಸುವ ಫ್ಲಾಪಿ ಪೆಟ್ಟಿಗೆಯಿಂದ ಓದಬಹುದು. ಎಲ್ಲ ತಟ್ಟೆಗಳೂ ಹಾಗಲ್ಲ. ಕಾಮೊಡೋರ್ ಗಣಕದ ಐದೂಕಾಲು ಅಂಗುಲದ ತಟ್ಟೆಯಲ್ಲಿ ಹೊರವೃತ್ತಕ್ಕೆ 21 ಖಾನೆ, ಒಳವೃತ್ತಕ್ಕೆ 17. ವೃತ್ತ ಚಿಕ್ಕದಾದಂತೆ ಖಾನೆಯೂ ಕಡಿಮೆಯಾಗುವುದು ನ್ಯಾಯವೇ, ಆದರೆ ನಮ್ಮ ಮಾಮೂಲಿ ಪೆಟ್ಟಿಗೆಗೆ ಈ ಲೆಕ್ಕ ಹಿಡಿಯುವುದಿಲ್ಲ. ಅಮಿಗ ಗಣಕವಂತೂ ಇಡೀ ವೃತ್ತವನ್ನೇ ಒಂದೇ ಉಸಿರಿನಲ್ಲಿ ಬರೆಯುತ್ತಿತ್ತು.

ಇಂಥವಕ್ಕೆ ಈಗ ಒಂದು ಹೊಸ ಉಪಾಯ ಬಂದಿದೆ. ಹಳೆಯ ಫ್ಲಾಪಿ ಡ್ರೈವಿಗೂ ಹೊಸ ಗಣಕಕ್ಕೂ ನಡುವೆ ಒಂದು ಪುಟ್ಟ ಹಲಗೆಯನ್ನು ಕೂಡಿಸುತ್ತಾರೆ. ಕ್ರಯೋಫ್ಲಕ್ಸ್, ಗ್ರೀಸ್‌ವೀಜಲ್ ಎಂಬುವು ಇಂಥ ಹಲಗೆಗಳು. ತಟ್ಟೆಯಲ್ಲಿ ಏನು ಬರೆದಿದೆ ಎಂದು ಇವು ಕೇಳುವುದೇ ಇಲ್ಲ. ಕಾಂತದ ದಿಕ್ಕು ಎಲ್ಲೆಲ್ಲಿ ಬದಲಾಯಿತು, ಒಂದು ಬದಲಾವಣೆಗೂ ಇನ್ನೊಂದಕ್ಕೂ ಎಷ್ಟು ಹೊತ್ತು ಕಳೆಯಿತು ಎಂಬುದನ್ನಷ್ಟೇ ಬರೆದುಕೊಳ್ಳುತ್ತವೆ. ಲಿಪಿ ತಿಳಿಯದ ಶಾಸನದ ಮೇಲೆ ಕಾಗದ ಒತ್ತಿ ಅಚ್ಚು ತೆಗೆದುಕೊಂಡು ಬರುವುದಿಲ್ಲವೆ, ಹಾಗೆ. ಓದುವುದು ಮನೆಗೆ ಬಂದ ಮೇಲೆ. ಅಮೆರಿಕದ ಚಿತ್ರಕಾರ ಆಂಡಿ ವಾರ್ಹಾಲ್ 1985ರಲ್ಲಿ ಅಮಿಗ ಗಣಕದ ಮೇಲೆ ಬರೆದ ಚಿತ್ರಗಳು ಪಿಟ್ಸ್‌ಬರ್ಗಿನ ವಸ್ತುಸಂಗ್ರಹಾಲಯದ ಫ್ಲಾಪಿಗಳಲ್ಲಿ ಕಾಣದೆ ಬಿದ್ದಿದ್ದವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಗಣಕಕೂಟ ಅವನ್ನು ಈ ವಿಧಾನದಿಂದಲೇ ಹೊರತೆಗೆಯಿತು. ಅದು ಜಗತ್ತಿಗೆ ತಿಳಿದದ್ದು 2014ರಲ್ಲಿ.

ಇಷ್ಟೆಲ್ಲ ಆಗಿ ಫೈಲು ಕೈಸೇರಿದರೆ ಇಂಗ್ಲಿಷಿನವರ ಕೆಲಸ ಬಹುಪಾಲು ಮುಗಿಯಿತು. ಸಾಲಿನ ಕೊನೆಯನ್ನು ಗುರುತಿಸುವುದರಲ್ಲಿ ಯಂತ್ರಯಂತ್ರಕ್ಕೆ ಸ್ವಲ್ಪ ಭೇದವಿದೆ. ಬೆರಳಚ್ಚು ಯಂತ್ರದಲ್ಲಿ ಗಾಡಿಯನ್ನು ಹಿಂದಕ್ಕೆ ತಳ್ಳುವುದು ಒಂದು, ಕಾಗದವನ್ನು ಒಂದು ಸಾಲು ಏರಿಸುವುದು ಇನ್ನೊಂದು. ಕೆಲವು ಗಣಕ ಮೊದಲನೆಯದನ್ನು, ಕೆಲವು ಎರಡನೆಯದನ್ನು, ಕೆಲವು ಎರಡನ್ನೂ ಬರೆಯುತ್ತವೆ. ಅದು ಕ್ಷಣದಲ್ಲಿ ಸರಿಹೋಗುವ ತೊಡಕು. ಕನ್ನಡದ ಫೈಲಿಗೆ ಮಾತ್ರ ನಿಜವಾದ ತೊಡಕು ಇಲ್ಲಿಂದಲೇ ಆರಂಭ.

ನನಗೆ ಪರಿಚಿತರಾದ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಸೀಮೆಯ ಬೀಸುವ ಪದಗಳನ್ನು ವರ್ಷಗಟ್ಟಲೆ ಕೂಡಿಹಾಕಿದ್ದರು. 2003ರ ಸುಮಾರಿಗೆ ಪೇಟೆಯ ಡಿ.ಟಿ.ಪಿ. ಅಂಗಡಿಯಲ್ಲಿ ಅವನ್ನು ಬೆರಳಚ್ಚು ಮಾಡಿಸಿದರು. ಅರ್ಧದಷ್ಟು ಪದಗಳು ಪುಸ್ತಕವಾದವು. ಉಳಿದರ್ಧ ಏಳು ಫ್ಲಾಪಿಗಳಲ್ಲಿ ಉಳಿಯಿತು. ಕೈಬರಹದ ಪುಸ್ತಕಗಳನ್ನು ಗೆದ್ದಲು ತಿಂದಿತು. ಹಾಡಿದ ಹೆಂಗಸರಲ್ಲಿ ಹೆಚ್ಚಿನವರು ಈಗಿಲ್ಲ. ಆ ಏಳು ತಟ್ಟೆಗಳಲ್ಲಿ ಐದು ಯು.ಎಸ್.ಬಿ. ಪೆಟ್ಟಿಗೆಯಲ್ಲಿ ಸಲೀಸಾಗಿ ಓದಿಕೊಂಡವು. ಒಂದಕ್ಕೆ ಬೂಷ್ಟು, ಬಾಗಿಲನ್ನು ಸರಿಸಿ ಹಿಡಿದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲನೆ ಒರೆಸಿ, ಪೂರ್ತಿ ಒಣಗಿದ ಮೇಲೆ ಓದಿಸಿದ್ದಾಯಿತು. ಏಳನೆಯದರ ಹೊರ ಅಂಚು ಸವೆದಿತ್ತು. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿ ಇರುವುದು ಆ ಅಂಚಿನ ಮೊದಲ ವೃತ್ತದಲ್ಲೇ. ಗಣಕ ಅದನ್ನು ನೋಡಿ ತಟ್ಟೆ ಖಾಲಿಯೆಂದು ಹೇಳಿ, ‘ಹೊಸದಾಗಿ ಸಿದ್ಧಪಡಿಸಲೆ?’ ಎಂದು ಕೇಳಿತು. ಹಾಗೆ ಕೇಳಿದಾಗ ಎಂದೂ ಹೂಂ ಎನ್ನಬಾರದು. ಪುಸ್ತಕದ ಅನುಕ್ರಮಣಿಕೆ ಹರಿದುಹೋದರೆ ಒಳಗಿನ ಪುಟಗಳು ಹೋದಂತಲ್ಲ. ಒಂದೊಂದು ಖಾನೆಯನ್ನೂ ನೇರವಾಗಿ ನಕಲು ಮಾಡಿಕೊಂಡು ಹುಡುಕಿದರೆ ಪದಗಳು ಅಲ್ಲೇ ಇದ್ದವು.

ಇದ್ದವು ನಿಜ, ಓದಲು ಬರುವಂತಿರಲಿಲ್ಲ. ಪರದೆಯ ಮೇಲೆ ಕಂಡದ್ದು ರೋಮನ್ ಅಕ್ಷರಗಳು, ನೆತ್ತಿಯ ಮೇಲೆ ಚುಕ್ಕೆ ಬರೆ ಹೊತ್ತ ಯುರೋಪಿನ ಅಕ್ಷರಗಳು, ನಡುವೆ ಪೌಂಡಿನ ಚಿಹ್ನೆ. ಇದು ಕೆಟ್ಟುಹೋದ ಫೈಲಲ್ಲ. ಆ ಕಾಲದಲ್ಲಿ ಗಣಕಕ್ಕೆ ಕನ್ನಡ ತಿಳಿಯದು. ರೋಮನ್ ಅಕ್ಷರಗಳ ಮನೆಯಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಬಾಡಿಗೆಗೆ ಇಟ್ಟಿದ್ದರು. ಅಚ್ಚಿನ ಮನೆಯ ಮೊಳೆಗಳಂತೆ ಆ ಚೂರುಗಳನ್ನು ಜೋಡಿಸಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ. ಬಹು ಪ್ರಚಾರದಲ್ಲಿದ್ದ ‘ನುಡಿ’ಯ ಹಳೆಯ ಅಕ್ಷರಮಾಲೆಯಲ್ಲಿ ‘ಕನ್ನಡ’ ಎಂಬ ಮಾತಿಗೆ ಏಳು ಸಂಕೇತಗಳು: ಕಕಾರದ ಒಡಲು, ಅದರ ತಲೆಕಟ್ಟು, ನಕಾರದ ಒಡಲು, ಅದರ ತಲೆಕಟ್ಟು, ನಕಾರದ ಒತ್ತು, ಡಕಾರದ ಒಡಲು, ಅದರ ತಲೆಕಟ್ಟು. ಇಂದು ಜಗತ್ತಿನ ಗಣಕಗಳೆಲ್ಲ ಒಪ್ಪಿರುವ ಯೂನಿಕೋಡಿನಲ್ಲಿ ಐದೇ ಸಂಕೇತ: ಕ, ನ, ಹಲಂತದ ಗುರುತು, ಮತ್ತೆ ನ, ಡ. ಮೊದಲನೆಯದು ಕಣ್ಣಿನ ಲೆಕ್ಕ, ಎರಡನೆಯದು ವ್ಯಾಕರಣದ ಲೆಕ್ಕ. ಯೂನಿಕೋಡಿನಲ್ಲಿ ಕನ್ನಡಕ್ಕೆಂದು 128 ಮನೆಗಳನ್ನು 1991ರಲ್ಲೇ ಮೀಸಲಿಟ್ಟಿದ್ದರು. ನಾವು ಅಲ್ಲಿಗೆ ಸಂಸಾರ ಹೂಡಲು ಬಹಳ ಕಾಲ ಹಿಡಿಯಿತು.

ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಚೂರಿಗೆ ಚೂರು ಬದಲಾಯಿಸಿದರೆ ಸಾಲದು. ನುಡಿಯಲ್ಲಿ ಮಕಾರವೆಂದರೆ ವಕಾರಕ್ಕೆ ಒಂದು ಕೊಂಬು ಸೇರಿಸಿದ್ದು. ಹಾಗಾದರೆ ‘ವು’ ಎಂದು ಬರೆಯುವುದು ಹೇಗೆ? ಅದಕ್ಕೆ ಬೇರೊಂದು ಕೊಂಬು. ಪರಿವರ್ತಿಸುವ ಕ್ರಮವಿಧಿ ಈ ಎರಡು ಕೊಂಬುಗಳನ್ನು ಬೇರೆ ಬೇರೆಯಾಗಿ ಗುರುತಿಸದಿದ್ದರೆ ‘ಮನೆ’ ಹೋಗಿ ‘ವುನೆ’ಯಾಗುತ್ತದೆ. ಅರ್ಕಾವತ್ತಿನದು ಇನ್ನೂ ಸೊಗಸು. ‘ಧರ್ಮ’ ಎಂದು ನುಡಿಯುವಾಗ ಮೊದಲು ರ್, ಆಮೇಲೆ ಮ. ಬರೆಯುವಾಗ ನಾವು ಮಕಾರವನ್ನು ಬರೆದು ಅದರ ಬಲಕ್ಕೆ ಅರ್ಕಾವತ್ತನ್ನು ಇಡುತ್ತೇವೆ. ಹಳೆಯ ಫೈಲು ಬರೆಯುವ ಕೈಯನ್ನು ಅನುಸರಿಸಿತು. ಯೂನಿಕೋಡು ನುಡಿಯುವ ನಾಲಿಗೆಯನ್ನು ಅನುಸರಿಸುತ್ತದೆ. ಕ್ರಮವಿಧಿ ಅರ್ಕಾವತ್ತನ್ನು ಎತ್ತಿ ಇಡೀ ಅಕ್ಷರದ ಹಿಂದಕ್ಕೆ ಸಾಗಿಸಬೇಕು. ಆ ಅಕ್ಷರಕ್ಕೆ ಒತ್ತೋ ದೀರ್ಘವೋ ಇದ್ದರೆ ಅವನ್ನೂ ದಾಟಿ ಸಾಗಿಸಬೇಕು.

ಇದೆಲ್ಲ ಬಲ್ಲ ಪರಿವರ್ತಕಗಳನ್ನು ಕನ್ನಡದ ಉತ್ಸಾಹಿಗಳು ಸಿದ್ಧಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಹಣಕ್ಕಾಗಿ ಮಾಡಿದ ಕೆಲಸವಲ್ಲ. ಆದರೂ ಮುದ್ರಣಕ್ಕೆ ಹೋಗದ ಎಷ್ಟೋ ಪ್ರಬಂಧ, ವಂಶಾವಳಿ, ಊರಿನ ಚರಿತ್ರೆಗಳು ಇದರಿಂದ ಬದುಕಿಕೊಂಡವು ಎಂದು ನನ್ನ ಎಣಿಕೆ. ಕಂಪನಿಕಂಪನಿಗೆ ಅಕ್ಷರದ ಚೂರುಗಳ ಪಟ್ಟಿ ಬೇರೆ ಬೇರೆ ಇದ್ದುದೊಂದು ಅನರ್ಥ. ಬಾಯಿ ಬಿಟ್ಟು ಹೇಳಬೇಕಾದರೆ ಅದು ವ್ಯಾಪಾರಿಗಳು ಕಟ್ಟಿದ ಬೇಲಿ, ಓದುಗನಿಗೆ ಅದರಿಂದ ಕವಡೆಯ ಲಾಭವಾಗಲಿಲ್ಲ. ಯಾವ ಕಂಪನಿಯ ಅಕ್ಷರವೆಂದು ತಿಳಿಯದಿದ್ದರೆ ಫೈಲಿನ ಒಳಗೇ ಹುಡುಕಿರಿ. ‘ವರ್ಡ್’ ಮುಂತಾದವು ಅಕ್ಷರದ ಹೆಸರನ್ನು ಫೈಲಿನಲ್ಲೇ ಬರೆದಿಟ್ಟಿರುತ್ತವೆ. ಪೇಜ್‌ಮೇಕರಿನಲ್ಲಿ ಮಾಡಿದ ಪುಸ್ತಕವಾದರೆ ಒಂದು ಹೆಜ್ಜೆ ಹೆಚ್ಚು: ಹಳೆಯ ಪೇಜ್‌ಮೇಕರು ಇರುವ ಗಣಕವನ್ನೋ, ಅದರ ವೇಷ ಹಾಕಿದ ಗಣಕವನ್ನೋ ಹುಡುಕಿ, ಬರಹವನ್ನು ಮೊದಲು ಬಿಡಿಸಿಕೊಳ್ಳಬೇಕು.

ಪರಿವರ್ತನೆಯಾದ ಮೇಲೆ ಕರಡು ತಿದ್ದುವುದು ಮನುಷ್ಯರ ಕೆಲಸ. ಅಧ್ಯಾಪಕರ ಪದಗಳಲ್ಲಿ ಆಡುಮಾತಿನ ರೂಪಗಳೇ ತುಂಬಿದ್ದವು. ನಿಘಂಟಿಗೆ ಒಗ್ಗದ ಮಾತು ಕಂಡಾಗ ಅದು ಯಂತ್ರದ ತಪ್ಪೋ ಹಾಡಿದವರ ನುಡಿಯೋ ಎಂದು ಹೇಳುವುದು ಅವರಿಗೇ ಕಷ್ಟವಾಯಿತು. ಅವರ ಅಕ್ಕನಿಗೆ ಎಂಬತ್ತೆರಡು ವರ್ಷ. ಓದು ಬರಹ ಹೆಚ್ಚಿಲ್ಲ, ಬೀಸುಕಲ್ಲಿನ ಮುಂದೆ ಕುಳಿತು ಬೆಳೆದವರು. ತಮ್ಮ ಒಂದೊಂದು ಸಾಲನ್ನು ಓದುವುದು, ಅಕ್ಕ ತಡೆದು ತಿದ್ದುವುದು. ಹೀಗೆ ಎರಡು ತಿಂಗಳು ನಡೆಯಿತು. ಏಳನೆಯ ತಟ್ಟೆಯಲ್ಲಿ ಸವೆದುಹೋದ ಖಾನೆಗಳಿಂದ ಮೂರು ಪದಗಳಲ್ಲಿ ಒಂದೊಂದು ತುಂಡು ಬಿದ್ದುಹೋಗಿತ್ತು. ಅವುಗಳಲ್ಲಿ ಎರಡರ ಸಾಲುಗಳನ್ನು ಆಕೆ ಹಾಡಿಯೇ ತುಂಬಿದರು. ಮೂರನೆಯದು ತಮ್ಮ ಊರಿನ ಪದವಲ್ಲ, ಹೊಳೆಯಾಚೆಯದು ಎಂದರಂತೆ. ಅಧ್ಯಾಪಕರು ಈಗ ಹೊಳೆಯಾಚೆಯ ಊರುಗಳಲ್ಲಿ ವಿಚಾರಿಸುತ್ತಿದ್ದಾರೆ.